ಗಾಳದ ನೂಲು ನಡೆದು ಬಂದ ದಾರಿ



ಗದ್ದೆ ಕೆಲಸ ಮುಗಿದ ಮೇಲೆ ಅಳಿವೆ ಬಾಯಿಗೋ ಕಡಲ ದಂಡೆಗೋ ಗಾಳ ಹಿಡಿದು ಹೋಗುವವರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಒಂದು ಮುರುಮೀನೋ ನಾಲ್ಕು ಕಾಣೆಯೋ ಸಿಕ್ಕಿದರೆ ಆ ಹೊತ್ತಿನ ಗಂಜಿಗೆ ಸಾರಾಯಿತು. ಆದರೆ ಅಂಗಡಿಯಲ್ಲಿ ನಿಂತರೆ ಹತ್ತು ಬಗೆಯ ನೂಲು, ಹತ್ತು ಬಗೆಯ ರೀಲು. ಯಾವುದನ್ನು ಕೊಳ್ಳೋಣ? ಯಾವ ಕೊರತೆ ನೀಗಲು ಯಾವುದು ಬಂತು ಎಂದು ತಿಳಿದರೆ ಆಯ್ಕೆ ತಾನಾಗಿ ಹೊಳೆಯುತ್ತದೆ.

ಹಿಂದೆ ಹತ್ತಿ, ಸೆಣಬಿನ ನೂಲೇ ಗತಿ. ಹತ್ತಿ ನೆನೆದರೆ ಬಲ ಹೆಚ್ಚುತ್ತದೆ, ನಿಜ. ಆದರೆ ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ. ಅದಕ್ಕಾಗಿ ಮರದ ತೊಗಟೆ ಕುದಿಸಿ, ಆ ಚೊಗರಿನಲ್ಲಿ ನೂಲನ್ನು ಅದ್ದಬೇಕು. ಬಳಸಿದ ಮೇಲೆ ಹರವಿ ಒಣಗಿಸಬೇಕು. ಸ್ವಲ್ಪ ಮೈಮರೆತರೆ, ದೊಡ್ಡ ಮೀನು ಕಚ್ಚಿದ ದಿನವೇ ನೂಲು ಕಡಿಯಿತು ಅನ್ನಿ!

ರೇಷ್ಮೆ ಬೆಳೆಯುವವರಿಗೆ ಇಲ್ಲೊಂದು ಸೋಜಿಗದ ಸಂಗತಿ. ಸ್ಪೇನ್ ದೇಶದ ಮುರ್ಸಿಯಾ ಸೀಮೆಯಲ್ಲಿ, ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹುಳಿನೀರಿನಲ್ಲಿ ನೆನೆಹಾಕಿ, ಅದರ ರೇಷ್ಮೆಯ ಗ್ರಂಥಿಯನ್ನು ಕೈಯಿಂದ ಎಳೆದು ಗಾಳದ ತುದಿನೂಲು ಮಾಡುತ್ತಿದ್ದರು. ನೀರಲ್ಲಿ ಸುಲಭಕ್ಕೆ ಕಾಣದು, ಗಟ್ಟಿ. ಆದರೆ ಎಳೆ ಗಿಡ್ಡ, ನೆನೆಸದೆ ಗಂಟು ಹಾಕಿದರೆ ಮುರಿಯುತ್ತಿತ್ತು.

1935ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ನೈಲಾನ್ ತಯಾರಿಸಿದ. 1938ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಕೊಳೆಯದ ನೂಲು ಕೊನೆಗೂ ಬಂತು. ನಮ್ಮ ನೆರೆಯ ಕೇರಳದ ನೀಂಡಕರದಲ್ಲಿ, 1952ರ ಒಪ್ಪಂದದಿಂದ ಹುಟ್ಟಿದ ಇಂಡೋ-ನಾರ್ವೇಜಿಯನ್ ಯೋಜನೆ ನೈಲಾನ್ ಬಲೆಯನ್ನು ಮೀನುಗಾರರ ಕೈಗೆ ತಂದಿತು. 1990ರ ಸುಮಾರಿಗೆ, ಅದಕ್ಕಿಂತಲೂ ಸಣ್ಣಗೆ, ಅದಕ್ಕಿಂತಲೂ ಗಟ್ಟಿಯಾದ ಪಾಲಿಥೀನ್ ಎಳೆ ತಯಾರಾಗತೊಡಗಿತು. ಅದನ್ನು ಹೆಣೆದದ್ದೇ ಇಂದಿನ ಹೆಣೆದ ನೂಲು.

ಇನ್ನು ರೀಲಿನ ಕಥೆ. ಚೀನದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರದಲ್ಲೇ ರೀಲು ಕಾಣುತ್ತದೆ. ಆದರೆ ಹಳೆಯ ರೀಲಿನಲ್ಲಿ ನೂಲು ಬಿಡುವಾಗ ಇಡೀ ಉರುಳೆಯೇ ತಿರುಗಬೇಕು. ಹಗುರ ಗಾಳ ದೂರ ಹೋಗದು. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ಆಲ್‌ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ, ಉರುಳೆ ನಿಂತಲ್ಲೇ ನಿಂತು ನೂಲು ತುದಿಯಿಂದ ಬಿಚ್ಚಿಕೊಳ್ಳುವ ರೀಲಿಗೆ ಪೇಟೆಂಟ್ ಪಡೆದ. ಮಗ್ಗದ ಲಾಳಿಯೊಳಗಿನ ಕಂಡಿಕೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾದೀತು.

ಈಗ ಆಯ್ಕೆಗೆ ಬರೋಣ. ಕಲ್ಲುಬಂಡೆಯ ಜಾಗದಲ್ಲಿ, ಹೊಸಬರ ಕೈಗೆ, ಸುಮಾರು 0.35 ಮಿಲಿಮೀಟರಿನ ಒಂಟಿ ಎಳೆಯ ನೈಲಾನ್ ಸಾಕು. ಅದು ಹಿಗ್ಗುತ್ತದೆ, ಮೀನಿನ ಜಗ್ಗಾಟ ತಡೆಯುತ್ತದೆ, ಬೆಲೆಯೂ ಕಡಿಮೆ. ಬಿಸಿಲಿಗೆ ಮಾತ್ರ ಸೊರಗುತ್ತದೆ, ನೆರಳಲ್ಲಿಡಿ. ಮರಳ ದಂಡೆಯಿಂದ ದೂರ ಎಸೆಯುವವರಿಗೆ ಹೆಣೆದ ನೂಲು ಒಳ್ಳೆಯದು. ಅದು ಕಲ್ಲಿಗೆ ಉಜ್ಜಿದರೆ ಕಡಿಯುವುದರಿಂದ ಗಾಳದ ಕಡೆಗೆ ಒಂದು ಮಾರು ನೈಲಾನ್ ಕಟ್ಟಿ. ಯಾವ ಗಂಟನ್ನೂ ಬಿಗಿಯುವ ಮುನ್ನ ಒದ್ದೆ ಮಾಡಿ.

ರೀಲಿನ ಬಿಗಿ ನೂಲಿನ ಬಲದ ಕಾಲು ಪಾಲಿರಲಿ. ಎಂಟು ಕಿಲೋ ತಡೆಯುವ ನೂಲಾದರೆ ಎರಡು ಕಿಲೋ ಎಳೆತಕ್ಕೆ ರೀಲು ನೂಲು ಬಿಡಬೇಕು. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ. ಮನೆಗೆ ಬಂದೊಡನೆ ಸಿಹಿನೀರಿನಿಂದ ಉಪ್ಪು ತೊಳೆದು ಒರೆಸಿ. ಉಪ್ಪು ಬಿಟ್ಟರೆ ಬೆಲೆಬಾಳುವ ರೀಲೂ ತುಕ್ಕು ಹಿಡಿದು ಕೂರುತ್ತದೆ.

ಕಡೆಯ ಮಾತು. ಹತ್ತಿ ನೂಲು ಕೊಳೆಯುತ್ತಿತ್ತು ಎಂದು ನಾವು ದೂರಿದೆವು. ಕೊಳೆಯುವುದರಲ್ಲೂ ಒಂದು ಉಪಕಾರವಿತ್ತು: ಬಿಸಾಡಿದರೆ ಅದು ಮಣ್ಣಾಗುತ್ತಿತ್ತು. ನೈಲಾನ್ ಹಾಗಲ್ಲ. ದಂಡೆಯಲ್ಲಿ ಬಿಟ್ಟ ತುಂಡು ವರ್ಷಗಟ್ಟಲೆ ಉಳಿದು ಹಕ್ಕಿಯ ಕಾಲಿಗೆ, ಕಡಲಾಮೆಯ ಕೊರಳಿಗೆ, ಮೇಯಲು ಬಂದ ನಿಮ್ಮದೇ ಕರುವಿನ ಗೊರಸಿಗೆ ಸುತ್ತಿಕೊಂಡೀತು. ಹರಿದ ನೂಲನ್ನು ಸುತ್ತಿ ಜೇಬಿಗೆ ಹಾಕಿಕೊಂಡು ಬನ್ನಿ. ಮಕ್ಕಳಿಗೂ ಅದನ್ನೇ ಕಲಿಸಿ.