ದುಂಡಾಗಿ ಕುಳಿತವರು

ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ಅಪರಾಧ ಸುದ್ದಿಗಳನ್ನು ಓದುವವರಿಗೆ ಒಂದು ಒಕ್ಕಣೆ ಬಾಯಿಪಾಠವಾಗಿರುತ್ತದೆ: ಬಯಲಲ್ಲಿ ‘ದುಂಡಾಗಿ ಕುಳಿತು’ ಅಂದರ್ ಬಾಹರ್ ಎಂಬ ‘ನಸೀಬಿನ’ ಇಸ್ಪೀಟು ಜೂಜಾಟ ಆಡುತ್ತಿದ್ದವರ ಬಂಧನ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಜೊತೆಗೆ ಇದ್ದೇ ಇರುತ್ತದೆ. ದುಂಡಾಗಿ ಕುಳಿತ ಮೇಲೆ ಎಲ್ಲರೂ ಸಮ, ಉಳಿದದ್ದು ನಸೀಬು ಎಂಬ ಎಣಿಕೆ ಆ ಮಾತಿನೊಳಗಿದೆ. ಅಂದರ್ ಬಾಹರ್‌ಗೆ ಅದು ಒಪ್ಪುತ್ತದೆ. ಎಲೆ ಒಳಗೆ ಬಿದ್ದರೂ ಹೊರಗೆ ಬಿದ್ದರೂ ನೀವು ಯಾವ ಮೂಲೆಯಲ್ಲಿ ಕೂತಿದ್ದಿರಿ ಎಂಬುದು ಲೆಕ್ಕಕ್ಕಿಲ್ಲ. ಸರದಿಯಂತೆ ಪಣ ಕಟ್ಟುವ ಆಟಗಳಲ್ಲಿ ಮಾತ್ರ ಆ ದುಂಡಿಗೆ ತಲೆಯೂ ಇದೆ, ಬಾಲವೂ ಇದೆ.

ಮೊದಲು ಯಾರು ಎಂಬ ಪ್ರಶ್ನೆ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಅರಮನೆಯ ಆಶ್ರಯ ಪಡೆದಿದ್ದ ಗಂಜೀಫಾವನ್ನೇ ನೋಡಿ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಮೂವರು ಆಡಿದರೆ ತಲೆಗೆ 40. ಹಗಲಲ್ಲಿ ರಾಮನ ರಾಜ ಯಾರ ಕೈಗೆ ಬಂದಿದ್ದಾನೋ ಅವರದು ಮೊದಲ ಇಳಿತ, ರಾತ್ರಿಯಾದರೆ ಕೃಷ್ಣನ ರಾಜನದು. ಅಗ್ರಸ್ಥಾನ ಕೂತ ಜಾಗಕ್ಕಲ್ಲ, ಬಂದ ಎಲೆಗೆ. ದೊರೆಯೂ ಆಡುತ್ತಿದ್ದ ಆಟದಲ್ಲಿ ಈ ನಿಯಮ ನನಗೆ ಬಹಳ ಹಿಡಿಸಿತು.

19ನೆಯ ಶತಮಾನದಲ್ಲಿ ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ಹಬ್ಬಿದ ಪೋಕರ್‌ನದು ಬೇರೆ ದಾರಿ. ಇಲ್ಲಿ ಮೊದಲಿಗನಾಗುವುದು ಗೌರವವಲ್ಲ, ಕಷ್ಟ. ಈಗ ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಹಂಚುವವನ ಎಡಗಡೆಯ ಇಬ್ಬರು ಎಲೆ ನೋಡುವ ಮೊದಲೇ ಹಣ ಇಡಬೇಕು, ಅವರೇ ಬ್ಲೈಂಡ್‌ಗಳು. ಅವರ ಪಕ್ಕದವನು ಯಾರ ಮನಸ್ಸೂ ತಿಳಿಯದೆ ಮೊದಲ ಮಾತಾಡಬೇಕು. ನಡುಮೇಜಿನ ಎಲೆಗಳು ತೆರೆದುಕೊಂಡ ಮೇಲೆ ಪ್ರತಿ ಸುತ್ತಿನಲ್ಲೂ ಕೊನೆಯ ಮಾತು ಹಂಚುವ ಸ್ಥಾನದವನದು. ಅಷ್ಟರಲ್ಲಿ ಯಾರು ಹಿಂಜರಿದರು, ಯಾರು ಏರಿಸಿದರು ಎಂಬುದನ್ನೆಲ್ಲ ಅವನು ಕಂಡಿರುತ್ತಾನೆ. ಅದಕ್ಕೇ ಆ ಸ್ಥಾನದ ಗುರುತಾದ ಬಟನ್ ಎಂಬ ಬಿಲ್ಲೆ ಆಟಕ್ಕೊಮ್ಮೆ ಒಂದು ಜಾಗ ಎಡಕ್ಕೆ ಸರಿಯುತ್ತದೆ. ಗೆದ್ದವನೆಂದು ನಿಲ್ಲದು, ಸೋತವನೆಂದು ಬಿಟ್ಟು ಹೋಗದು.

ಬಂಡ್ರಿಯ ನಮ್ಮ ಮನೆಯ ದೀಪಾವಳಿ ಚಾಪೆಯ ಮೇಲೆ ಹಾಗಿರಲಿಲ್ಲ. ಮೂರೆಲೆ ಆಟದಲ್ಲಿ ಗೆದ್ದವನೇ ಮುಂದಿನ ಸಲ ಹಂಚಬೇಕು. ಅಂದರೆ ಕೊನೆಯ ಸರದಿಯೂ ಗೆದ್ದವನಿಗೇ. ಉಳ್ಳವನಿಗೆ ಇನ್ನಷ್ಟು! ಇದು ಯಾರಿಗೂ ಅನ್ಯಾಯವೆನಿಸಿರಲಿಲ್ಲ, ನಸೀಬು ಎನ್ನುತ್ತಿದ್ದರು.

ನ್ಯಾಯಾಲಯಗಳು ತೂಗುತ್ತ ಬಂದದ್ದೂ ಇದನ್ನೇ. ರಮ್ಮಿಯಲ್ಲಿ ಕೌಶಲವೇ ಪ್ರಧಾನ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಮಾಡಿತು. 2025ರ ಕೇಂದ್ರ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಅಂಥ ಆಟಗಳನ್ನೆಲ್ಲ ನಿಷೇಧಿಸಿದೆ. ಕೂರುವ ಜಾಗದಿಂದ ಲಾಭ ತೆಗೆಯುವುದೂ ಕೌಶಲವೇ ಎಂಬುದು ನನ್ನ ಎಣಿಕೆ. ಆದರೆ ಅದು ಗೊತ್ತಿದ್ದವನು ಗೊತ್ತಿಲ್ಲದವನ ಜೇಬು ಖಾಲಿ ಮಾಡುವ ಕೌಶಲವೂ ಹೌದು.

ನಮ್ಮ ಸೋದರಮಾವ ಪ್ರತಿ ವರ್ಷವೂ ದುಡುಕಿ ಪಣ ಏರಿಸುವ ನೆಂಟರೊಬ್ಬರ ಎಡಕ್ಕೇ ಕೂರುತ್ತಿದ್ದ. ‘ಇಲ್ಲಿ ಗಾಳಿ ಚೆನ್ನಾಗಿ ಬೀಸ್ತದ’ ಅನ್ನುತ್ತಿದ್ದ. ಕಿಟಕಿ ಇದ್ದದ್ದು ಎದುರು ಗೋಡೆಗೆ.