ಇಪ್ಪತ್ತೇ ಪ್ಲಾಸ್ಟಿಕ್ ಪಾರ್ಟ್ ಬೇಕಾ? ಯಾವ ರೆಸಿನ್ ತರಬೇಕು ನೋಡಿ

ಹಳೇ ಸ್ಪ್ರೇಯರ್‌ನ ನಾಬ್ ಮುರಿದಿದೆ. ಆ ಮಾಡೆಲ್ ನಿಂತು ವರ್ಷಗಳಾಗಿವೆ, ಸ್ಪೇರ್ ಸಿಗಲ್ಲ. ಅಡಿಕೆಗೆ ಔಷಧಿ ಹೊಡೆಯೋ ಸೀಸನ್‌ನಲ್ಲಿ ಆ ಒಂದು ನಾಬ್ ಕೇಳ್ಕೊಂಡು ಜನ ಅಂಗಡಿಗೆ ಬರ್ತಾನೇ ಇರ್ತಾರೆ. ಫ್ಯಾಕ್ಟರಿಯಲ್ಲಿ ಮಾಡಿಸೋಣ ಅಂದ್ರೆ ಡೈಗೇ ಲಕ್ಷದ ಮಾತು, ಇಪ್ಪತ್ತು ಪೀಸ್‌ಗೆ ಗಿಟ್ಟಲ್ಲ. ಇಂಥ ಕಡೆ ಸಿಲಿಕೋನ್ ರಬ್ಬರ್‌ನಲ್ಲಿ ಅಚ್ಚು ತೆಗೆದು ರೆಸಿನ್ ಸುರಿಯೋದು ಅಗ್ಗದ ದಾರಿ. ಆದ್ರೆ ರೆಸಿನ್ ತಪ್ಪಿದ್ರೆ ದುಡ್ಡೂ ಹೋಯ್ತು, ಅಚ್ಚೂ ಹೋಯ್ತು.

ಅಗ್ಗಕ್ಕೆ ಸಿಗೋದು ಪಾಲಿಯೆಸ್ಟರ್, ಅಂದ್ರೆ ಫೈಬರ್ ಕೆಲಸದವರು ಬಳಸೋ ರೆಸಿನ್. ವಾಸನೆ ಜೋರು. ಗಟ್ಟಿಯಾಗುವಾಗ ಕುಗ್ಗುತ್ತೆ, ಅಳತೆ ಪಕ್ಕಾ ಬೇಕಾದ ಪಾರ್ಟ್‌ಗೆ ಆಗಲ್ಲ. ಕೆಳಗೆ ಬಿದ್ರೆ ಒಡೆಯುತ್ತೆ. ಇದರ ಜೊತೆ ಕೊಡೋ ನೇರಳೆ ಬಣ್ಣದ ಕೋಬಾಲ್ಟನ್ನೂ ಎಂಇಕೆಪಿ ಅನ್ನೋ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬೇಡಿ, ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟ್ ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್.

ಎಪಾಕ್ಸಿ ಕುಗ್ಗೋದು ಕಮ್ಮಿ, ಗಟ್ಟಿ. ಆದ್ರೆ ನಿಧಾನ, ಸಾಮಾನ್ಯವಾಗಿ ಒಂದು ದಿನ ಕಾಯಬೇಕು. ಬೇಗ ಆಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದ್ರೆ ಅಂಟಂಟಾಗಿ ಉಳಿಯುತ್ತೆ. ಡಬ್ಬಿ ಮೇಲೆ ಬರೆದ ಅಳತೆಯನ್ನೇ ತಕ್ಕಡಿಯಲ್ಲಿ ತೂಗಿ ಹಾಕಿ. ಒಂದೇ ಸಲ ದಪ್ಪ ಸುರಿದ್ರೆ ತಾನೇ ಕಾದು ಹೊಗೆ ಬರುತ್ತೆ. ಬಿಸಿಲಲ್ಲಿ ಹಳದಿ ತಿರುಗುತ್ತೆ.

ನಾಬ್, ಹಿಡಿ, ಕವರ್ ಥರದ್ದಕ್ಕೆ ನನ್ನ ಓಟು ಪಾಲಿಯುರೆಥೇನ್‌ಗೆ. ಪೆಟ್ಟು ತಡೆಯುತ್ತೆ. ಬೇಗ ಸೆಟ್ ಆಗೋ ಬಗೆ ತಗೊಂಡ್ರೆ ಅರ್ಧ ಗಂಟೆಗೇ ಅಚ್ಚಿಂದ ಬಿಡಿಸಬಹುದು. ಕಲಸಿ ಸುರಿಯೋಕೆ ಸಿಗೋದು ಮಾತ್ರ ಕೆಲವೇ ನಿಮಿಷ. ಇದರ ಶತ್ರು ನೀರಿನ ಪಸೆ. ಇದರ ಎರಡು ಡಬ್ಬಿಯಲ್ಲಿ ಒಂದರಲ್ಲಿರೋ ಐಸೊಸೈನೇಟ್‌ಗೆ ಪಸೆ ತಾಗಿದ್ರೆ ಗ್ಯಾಸ್ ಹುಟ್ಟಿ ಪಾರ್ಟ್ ತುಂಬಾ ಗುಳ್ಳೆ. ಹೋದ ಮಳೆಗಾಲದಲ್ಲಿ ನಾನೂ ಗೆಳೆಯನೂ ಹನ್ನೆರಡು ನಾಬ್ ಸುರಿದ್ವಿ, ಹನ್ನೆರಡೂ ರಸ್ಕ್ ಥರ ಬಂದ್ವು. ಡಬ್ಬಿ ಮುಚ್ಚಳ ರಾತ್ರಿಯಿಡೀ ಸಡಿಲ ಬಿಟ್ಟಿದ್ದೆ, ಕಲಸಿದ್ದು ಒದ್ದೆ ಮರದ ಕಡ್ಡಿಯಲ್ಲಿ. ಪ್ಲಾಸ್ಟಿಕ್ ಲೋಟ, ಒಣಗಿದ ಕಡ್ಡಿ ಬಳಸಿ. ಮಳೆಗಾಲದಲ್ಲಿ ಸಣ್ಣ ಪ್ಯಾಕ್ ತಗೊಂಡು ಬೇಗ ಮುಗಿಸಿ. ಆ ಆವಿ ಶ್ವಾಸಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ತಡೆಯಲ್ಲ. ಗಾಳಿ ಆಡೋ ಜಾಗ, ಗ್ಲೌಸ್, ಕೆಮಿಕಲ್ ಆವಿ ತಡೆಯೋ ಫಿಲ್ಟರ್ ಮಾಸ್ಕ್ ಬೇಕು. ಅಸ್ತಮಾ ಇರೋರು ಇದರ ಹತ್ರ ಬರಬೇಡಿ.

ಕೊಳ್ಳೋ ಮುಂಚೆ ಟಿಡಿಎಸ್ ಕೇಳಿ. ಇನ್‌ಕಮ್ ಟ್ಯಾಕ್ಸಿನದ್ದಲ್ಲ, ಮಾಲಿನ ವಿವರದ ಹಾಳೆ. ಅದರಲ್ಲಿ ಶೋರ್ ಡಿ 80ರ ಹತ್ರ ಇದ್ರೆ ಗಟ್ಟಿ ಪ್ಲಾಸ್ಟಿಕ್, ಶೋರ್ ಎ 60-70 ಇದ್ರೆ ಟೈರ್ ಥರ ರಬ್ಬರ್. ಎಚ್‌ಡಿಟಿ ಅಂದ್ರೆ ಬಿಸಿಗೆ ಬಾಗೋ ಮಟ್ಟ. ಮಾಮೂಲಿ ರೆಸಿನ್‌ಗಳಲ್ಲಿ ಎಷ್ಟೋ 50-60 ಡಿಗ್ರಿಗೇ ಮೆತ್ತಗಾಗುತ್ವೆ. ಇಂಜಿನ್ ಪಕ್ಕ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇವು ನಿಲ್ಲಲ್ಲ. ಬ್ರೇಕ್ ಲಿವರ್, ಗ್ಯಾಸ್ ಫಿಟ್ಟಿಂಗ್, ಪ್ಲಗ್ ಸಾಕೆಟ್, ತಿನ್ನೋ ಕುಡಿಯೋ ಪಾತ್ರೆ, ಇವನ್ನ ಮಾಡಿ ಮಾರಬೇಡಿ. ಗಿರಾಕಿ ಎಷ್ಟು ಒತ್ತಾಯ ಮಾಡಿದ್ರೂ.

ಅಚ್ಚಿನ ರಬ್ಬರ್‌ನಲ್ಲಿ ಟಿನ್ ಬಗೆ ಅಗ್ಗ. ಪ್ಲಾಟಿನಂ ಬಗೆ ಹೆಚ್ಚು ಕಾಲ ಬರುತ್ತೆ, ಆದ್ರೆ ಗಂಧಕ ಇರೋ ಜೇಡಿ ಅಥವಾ ರಬ್ಬರ್ ಗ್ಲೌಸ್ ತಾಗಿದ ಕಡೆ ಗಟ್ಟಿಯೇ ಆಗಲ್ಲ.

ಎಷ್ಟು ರೆಸಿನ್ ಬೇಕು? ಹಳೇ ಪಾರ್ಟನ್ನ ಅಳತೆ ಜಾರ್‌ನ ನೀರಲ್ಲಿ ಮುಳುಗಿಸಿ. ನೀರು 40 ಮಿಲಿ ಏರಿದ್ರೆ 1.1ರಿಂದ ಗುಣಿಸಿ, ಸುಮಾರು 44 ಗ್ರಾಂ. ಇಪ್ಪತ್ತು ಪೀಸ್‌ಗೆ 880 ಗ್ರಾಂ, ಲೋಟಕ್ಕೆ ಅಂಟೋದು ಸೇರಿ ಒಂದು ಕೆಜಿ ತಂದ್ರೆ ಸಾಕು.