ಮೆಟ್ಟಿಲಿಲ್ಲದ ಬಾಗಿಲು

ಬಸ್ಸಿನ ಹೊತ್ತೆಲ್ಲ ಹಾಳಾಗುವುದು ಬಾಗಿಲಲ್ಲಿ. ಒಬ್ಬರು ಚಿಲ್ಲರೆ ಹುಡುಕುತ್ತಾರೆ, ಇನ್ನೊಬ್ಬರು ಗಂಟು ಎತ್ತಿಡುತ್ತಾರೆ, ಮೊಣಕಾಲು ನೋವಿನವರು ಕಂಬಿ ಹಿಡಿದು ಮೆಟ್ಟಿಲ ಮೇಲೇ ನಿಂತುಬಿಡುತ್ತಾರೆ. ಬ್ರೆಜಿಲಿನ ಕುರಿಟಿಬಾ ನಗರ 1974ರಲ್ಲೇ ಬಸ್ಸಿಗೆಂದು ಬೇರೆ ಪಥ ಬಿಟ್ಟುಕೊಟ್ಟಿತ್ತು; ಬಾಗಿಲಿನ ಗದ್ದಲ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು 1991ರಲ್ಲಿ, ವಾಸ್ತುಶಿಲ್ಪಿಯೂ ಆಗಿದ್ದ ಮೇಯರ್ ಜೈಮೆ ಲೆರ್ನರ್ ಕಾಲದಲ್ಲಿ. ಗಾಜು–ಉಕ್ಕಿನ ಕೊಳವೆಯಾಕಾರದ ನಿಲ್ದಾಣ. ಹಣ ಒಳಗೆ ಬರುವಾಗಲೇ ಕೊಡಬೇಕು. ನಿಲ್ದಾಣದ ನೆಲ ಬಸ್ಸಿನ ನೆಲದಷ್ಟೇ ಎತ್ತರ. ಬಸ್ಸು ನಿಂತೊಡನೆ ಬಾಗಿಲಿಂದ ಹಲಗೆಯೊಂದು ಚಾಚಿ ನಡುವಿನ ಸಂದು ಮುಚ್ಚುತ್ತದೆ. ಗಾಲಿಕುರ್ಚಿಯವರಿಗೆ ಪಕ್ಕದಲ್ಲೇ ಪುಟ್ಟ ಲಿಫ್ಟು. ಪ್ರಯಾಣಿಕರು ನಿಲ್ಲುವ ನೆಲವನ್ನೇ ಎತ್ತರಿಸಿದ ಆ ಬುದ್ಧಿಗೆ ನಾನು ಇಂದಿಗೂ ಮಾರುಹೋಗಿದ್ದೇನೆ.

ಬೊಗೋಟಾ 2000ದಲ್ಲಿ, ಅಹಮದಾಬಾದ್ 2009ರಲ್ಲಿ ಅದೇ ದಾರಿ ಹಿಡಿದವು. ಅಹಮದಾಬಾದಿನಲ್ಲಿ ನಿಲ್ದಾಣಗಳು ರಸ್ತೆಯ ನಟ್ಟನಡುವೆ ಬಂದದ್ದರಿಂದ ಬಸ್ಸುಗಳಿಗೆ ಬಲಬದಿಯಲ್ಲೂ ಬಾಗಿಲು ಬೇಕಾಯಿತು.

ನಮ್ಮ ಹುಬ್ಬಳ್ಳಿ–ಧಾರವಾಡದ ಸುಮಾರು 22 ಕಿಲೋಮೀಟರ್ ದಾರಿಗೂ ಅದೇ ಮಾದರಿ. 2018ರ ಅಕ್ಟೋಬರಿನಲ್ಲಿ ಈ ಪಥದ ‘ಚಿಗರಿ’ ಎಂಬ ಹೆಸರಿನ ಬಸ್ಸುಗಳ ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ರಸ್ತೆ ಅಗಲಿಸಲು ಸಾಲುಮರಗಳು ಉರುಳಿದವು. ಆ ಸಿಟ್ಟು ಧಾರವಾಡದವರಲ್ಲಿ ಆರಿಲ್ಲ, ನನ್ನಲ್ಲೂ ಆರಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಮೊದಲಿನ ಬಸ್ಸುಗಳ ಮೆಟ್ಟಿಲಿಗೆ ಹೆದರಿ ಹುಬ್ಬಳ್ಳಿಯ ತವರಿಗೆ ಹೋಗುವುದನ್ನೇ ಬಿಟ್ಟಿದ್ದ ನಮ್ಮವ್ವ, ಈ ನಿಲ್ದಾಣಗಳಲ್ಲಿ ಯಾರ ಕೈಯನ್ನೂ ಹಿಡಿಯದೆ ಬಸ್ಸೇರಿದಳು. ಗೇಟು ದಾಟಿ, ಸೀರೆಯ ನೆರಿಗೆ ಎತ್ತಿಕೊಳ್ಳದೆ, ಪಡಸಾಲೆಯಿಂದ ಒಳಮನೆಗೆ ಹೋದಷ್ಟು ಸಲೀಸಾಗಿ ಒಳಗೆ ನಡೆದಳು.

ಈ ವ್ಯವಸ್ಥೆ ಸೋತದ್ದು ನಿಲ್ದಾಣದ ಹೊರಗೆ. ನಡುರಸ್ತೆಯ ನಿಲ್ದಾಣ ಮುಟ್ಟಬೇಕಾದರೆ ರಭಸದಿಂದ ಬರುವ ಕಾರು, ಲಾರಿ, ಬೈಕುಗಳ ನಡುವೆ ದಾಟಬೇಕು. ಅವ್ವ ನನ್ನ ತೋಳು ಬಿಗಿಯಾಗಿ ಹಿಡಿಯುತ್ತಿದ್ದುದು ಅಲ್ಲಿ. ಇನ್ನು, ಬಸ್ಸು ವೇದಿಕೆಗೆ ಒತ್ತಿ ನಿಲ್ಲದೆ ಗೇಣುದೂರ ಉಳಿದರೆ ಸಮನೆಲದ ಲಾಭ ಅರ್ಧ ಕರಗಿತೆಂದೇ ಲೆಕ್ಕ.

ಈಗ ಈ ಪಥದಲ್ಲಿ ಲಘು ಟ್ರಾಮ್ ಓಡಿಸುವ ಮಾತು ಕೇಳಿಬರುತ್ತಿದೆ. ಏನನ್ನಾದರೂ ತನ್ನಿ, ಆದರೆ ನಿಲ್ದಾಣಕ್ಕೆ ಕಾಲ್ನಡಿಗೆಯಲ್ಲಿ ಬರುವವರಿಗೆ ರಸ್ತೆ ದಾಟಲು ಮೊದಲು ಸಿಗ್ನಲ್ ಕೊಡಿ. ವಾಹನದ ನೆಲ, ನಿಲ್ದಾಣದ ನೆಲ ಒಂದೇ ಮಟ್ಟದಲ್ಲಿ ಇರಲಿ.